ಅಪ್‌ಡೇಟ್ ಆದ ಮೇಲೆ ತೆರೆಯದ ಗಣಕಯಂತ್ರ: ದುರಸ್ತಿಯ ಕ್ರಮ ಮತ್ತು ಸದಸ್ಯರ ಹೊಣೆ

ಗ್ರಾಮ ಪಂಚಾಯತಿ ಕಚೇರಿಯ ಗಣಕಯಂತ್ರ ಹಿಂದಿನ ಸಂಜೆಯವರೆಗೂ ಸುಸ್ಥಿತಿಯಲ್ಲಿದ್ದು, ಮರುದಿನ ಬೆಳಿಗ್ಗೆ ತೆರೆಯದೇ ನಿಲ್ಲುವ ಪ್ರಸಂಗ ಈಗ ಅಪರೂಪವೇನಲ್ಲ. ರಾತ್ರಿ ಯಂತ್ರವನ್ನು ಆರಿಸುವಾಗ ವಿಂಡೋಸ್ ಅಪ್‌ಡೇಟ್ ನಡೆದಿರುತ್ತದೆ. ಬೆಳಿಗ್ಗೆ ಪರದೆಯ ಮೇಲೆ ವಿಂಡೋಸ್ ಚಿಹ್ನೆ ಮೂಡುತ್ತದೆ, ಚುಕ್ಕೆಗಳು ಸುತ್ತುತ್ತವೆ, ನೀಲಿ ಪರದೆ ಬಂದು ಯಂತ್ರ ತಾನಾಗಿಯೇ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಮತ್ತೆ ಅದೇ ಚಿಹ್ನೆ, ಅದೇ ಚುಕ್ಕೆಗಳು. ಹೊರಗೆ ನಮೂನೆ-9ಕ್ಕೆ ಬಂದವರು, ತೆರಿಗೆ ಕಟ್ಟಲು ಬಂದವರು ಕಾಯುತ್ತಿರುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಯಾರಾದರೊಬ್ಬರು ‘ಫಾರ್ಮ್ಯಾಟ್ ಹೊಡೆಸಿಬಿಡೋಣ’ ಎನ್ನುತ್ತಾರೆ. ಪಂಚಾಯತಿಯ ದಾಖಲೆಗಳಿಗೆ ಅಪ್‌ಡೇಟ್‌ಗಿಂತ ಹೆಚ್ಚಿನ ಅಪಾಯ ಈ ಒಂದು ಮಾತಿನಲ್ಲಿದೆ.

ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಬರಿದು ಮಾಡಿ ವಿಂಡೋಸನ್ನು ಹೊಸದಾಗಿ ಹಾಕುವುದು. ಅದರಿಂದ ಯಂತ್ರ ಸಾಮಾನ್ಯವಾಗಿ ಎದ್ದು ನಿಲ್ಲುತ್ತದೆ. ರಿಪೇರಿ ಮಾಡುವವರಿಗೂ ಒಂದೆರಡು ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಅಪ್‌ಡೇಟ್ ನಂತರ ತೆರೆಯದ ಯಂತ್ರದಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ವಿಂಡೋಸ್‌ನ ಕೆಲವು ಕಡತಗಳು ಅಥವಾ ಒಂದು ಡ್ರೈವರ್ ಮಾತ್ರ. ಕಚೇರಿಯ ದಾಖಲೆಗಳು ಇದ್ದಲ್ಲಿಯೇ ಇರುತ್ತವೆ. ದಾಖಲೆ ಕೊಠಡಿಯ ಬೀಗ ಕೆಟ್ಟಿತೆಂದು ಒಳಗಿನ ರಿಜಿಸ್ಟರುಗಳನ್ನು ಯಾರೂ ಸುಡುವುದಿಲ್ಲ.

ಸದಸ್ಯರು ಸ್ವತಃ ಯಂತ್ರವನ್ನು ರಿಪೇರಿ ಮಾಡಬೇಕಾಗಿಲ್ಲ. ಕೊಳವೆಬಾವಿಯ ಮೋಟರ್ ನಿಂತಾಗ ಸದಸ್ಯರು ವೈಂಡಿಂಗ್ ಮಾಡಲು ಕೂರುವುದಿಲ್ಲ. ಆದರೆ ಮೋಟರನ್ನು ಮೇಲೆತ್ತುವ ಮೊದಲು ಪ್ಯಾನಲ್ ಬೋರ್ಡ್ ನೋಡಲಾಯಿತೇ, ಫ್ಯೂಸ್ ಪರೀಕ್ಷಿಸಲಾಯಿತೇ ಎಂದು ಕೇಳುವಷ್ಟು ಅನುಭವ ಅವರಿಗಿರುತ್ತದೆ. ಗಣಕಯಂತ್ರದ ವಿಷಯದಲ್ಲಿಯೂ ಅಷ್ಟೇ ತಿಳಿವಳಿಕೆ ಬೇಕು: ಯಾವ ಹೆಜ್ಜೆ ಮೊದಲು, ಯಾವುದು ಕೊನೆಗೆ, ಯಾವುದಕ್ಕೆ ಲಿಖಿತ ಒಪ್ಪಿಗೆ ಅಗತ್ಯ.

ಯಂತ್ರದ ಒಳಗೆ ಏನಿದೆ, ಹೊರಗೆ ಏನಿದೆ

ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮ ಸ್ವರಾಜ್, ಉದ್ಯೋಗ ಖಾತರಿಯ ತಂತ್ರಾಂಶ ಇವೆಲ್ಲ ಅಂತರ್ಜಾಲದ ಮೂಲಕ ನಡೆಯುವ ವ್ಯವಸ್ಥೆಗಳು. ಇವುಗಳಲ್ಲಿ ದಾಖಲಿಸಿದ ಆಸ್ತಿ ವಿವರ, ತೆರಿಗೆ ಬೇಡಿಕೆ, ಪಾವತಿ ಮಾಹಿತಿ ಸರ್ಕಾರದ ಸರ್ವರ್‌ಗಳಲ್ಲಿ ಇರುತ್ತದೆಯೇ ಹೊರತು ಪಂಚಾಯತಿಯ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಅಲ್ಲ. ಆದುದರಿಂದ ಒಂದು ಯಂತ್ರ ಕೆಟ್ಟಾಗ ಕಚೇರಿಯ ಇನ್ನೊಂದು ಯಂತ್ರದಿಂದ ಅಥವಾ ಲ್ಯಾಪ್‌ಟಾಪ್‌ನಿಂದ, ಅಧಿಕೃತ ಬಳಕೆದಾರರ ಲಾಗಿನ್ ಮೂಲಕವೇ, ಕೆಲಸ ಮುಂದುವರಿಸಬಹುದು. ‘ಕಂಪ್ಯೂಟರ್ ಕೆಟ್ಟಿದೆ, ಮುಂದಿನ ವಾರ ಬನ್ನಿ’ ಎಂದು ಅರ್ಜಿದಾರರನ್ನು ಕಳುಹಿಸುವುದಕ್ಕೆ ಇದು ಕಾರಣವಾಗಲಾರದು. ಬೇರೆ ಯಂತ್ರ ಇಲ್ಲದ ಕಚೇರಿಯಲ್ಲಿ ಅರ್ಜಿಯನ್ನು ಕಾಗದದಲ್ಲಿ ಪಡೆದು, ದಿನಾಂಕ ಹಾಕಿ ಸ್ವೀಕೃತಿ ಕೊಡುವುದಕ್ಕೆ ವಿದ್ಯುತ್ತೂ ಬೇಕಿಲ್ಲ. 2024ರ ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ದೋಷಯುಕ್ತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡಾಗ, ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟು ವಿಮಾನ ಹತ್ತಿಸಲಾಯಿತು.

ಯಂತ್ರದೊಳಗೆ ಮಾತ್ರ ಉಳಿದಿರುವ ದಾಖಲೆಗಳ ಪಟ್ಟಿ ಇದಕ್ಕಿಂತ ಚಿಕ್ಕದು, ಆದರೆ ನಷ್ಟವಾದರೆ ಮರಳಿ ದೊರೆಯದ್ದು. ಸಭಾ ನಡವಳಿಯ ಕರಡು, ಗ್ರಾಮ ಸಭೆಯ ಬೇಡಿಕೆಗಳ ಪಟ್ಟಿ, ಫಲಾನುಭವಿಗಳ ಆಯ್ಕೆಗೆ ಸಂಬಂಧಿಸಿದ ಎಕ್ಸೆಲ್ ಹಾಳೆಗಳು, ಕಾಮಗಾರಿಯ ಮೊದಲಿನ ಮತ್ತು ನಂತರದ ಛಾಯಾಚಿತ್ರಗಳು, ನೀರಗಂಟಿಗಳ ಹಾಜರಾತಿ, ಮಾಹಿತಿ ಹಕ್ಕಿನಡಿ ಕೊಟ್ಟ ಉತ್ತರಗಳ ಪ್ರತಿ, ಸ್ಕ್ಯಾನ್ ಮಾಡಿಟ್ಟ ಹಳೆಯ ಡಿಮ್ಯಾಂಡ್ ರಿಜಿಸ್ಟರ್ ಇವೆಲ್ಲ ಸಾಮಾನ್ಯವಾಗಿ ಡೆಸ್ಕ್‌ಟಾಪ್ ಮೇಲೆ ಅಥವಾ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇರುತ್ತವೆ. ಈ ಎರಡು ಸ್ಥಳಗಳೂ ಸಿ ಡ್ರೈವ್‌ನಲ್ಲಿಯೇ ಇವೆ. ಫಾರ್ಮ್ಯಾಟ್ ಮಾಡುವವರು ಅಳಿಸುವುದು ಅದೇ ಸಿ ಡ್ರೈವನ್ನು. ‘ಡಿ ಡ್ರೈವ್ ಮುಟ್ಟಿಲ್ಲ ಸಾರ್, ಎಲ್ಲಾ ಹಾಗೇ ಇದೆ’ ಎಂಬ ಭರವಸೆಯಲ್ಲಿ ಸುಳ್ಳಿರುವುದಿಲ್ಲ. ಆದರೆ ಕಚೇರಿಯ ಕಡತಗಳು ಡಿ ಡ್ರೈವ್‌ನಲ್ಲಿ ಇದ್ದವೇ ಎಂಬುದು ಕೇಳಬೇಕಾದ ಪ್ರಶ್ನೆ. ಲೆಕ್ಕಪರಿಶೋಧನೆಯ ಸಮಯದಲ್ಲಿ ಕಾಮಗಾರಿಯ ಛಾಯಾಚಿತ್ರ ಹಾಜರುಪಡಿಸಲಾಗದಿದ್ದರೆ ‘ಕಂಪ್ಯೂಟರ್ ಫಾರ್ಮ್ಯಾಟ್ ಆಯಿತು’ ಎಂಬ ವಿವರಣೆಯಿಂದ ಆಕ್ಷೇಪಣೆ ತೀರುವುದಿಲ್ಲ.

ಅಪ್‌ಡೇಟ್ ಏಕೆ ಯಂತ್ರವನ್ನು ನಿಲ್ಲಿಸುತ್ತದೆ

ಮೈಕ್ರೋಸಾಫ್ಟ್ ಸಂಸ್ಥೆ ಅಮೆರಿಕದ ಕಾಲಮಾನದಂತೆ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತಾ ಅಪ್‌ಡೇಟ್ ಹೊರಡಿಸುತ್ತದೆ. ಭಾರತದಲ್ಲಿ ಆಗ ಮಂಗಳವಾರದ ತಡರಾತ್ರಿ. ಆದ್ದರಿಂದ ತಿಂಗಳ ಮಧ್ಯದ ಬುಧವಾರ, ಗುರುವಾರಗಳಂದು ಯಂತ್ರಗಳು ಹೊಸ ಅಪ್‌ಡೇಟನ್ನು ಇಳಿಸಿಕೊಂಡು, ಆರಿಸಿ ಹೊತ್ತಿಸುವ ಹೊತ್ತಿನಲ್ಲಿ ಹಳೆಯ ಕಡತಗಳನ್ನು ತೆಗೆದು ಹೊಸದನ್ನು ಕೂರಿಸುತ್ತವೆ. ಈ ಅದಲುಬದಲಿನ ನಡುವೆ ವಿದ್ಯುತ್ ಹೋದರೆ ಅರ್ಧ ಹಳೆಯದು, ಅರ್ಧ ಹೊಸದು ಉಳಿದು ಯಂತ್ರ ಏಳಲಾರದೆ ನಿಲ್ಲುತ್ತದೆ. ಗ್ರಾಮೀಣ ಕಚೇರಿಗಳ ಮಟ್ಟಿಗೆ ಇದು ದೊಡ್ಡ ಕಾರಣ. ಯು.ಪಿ.ಎಸ್. ಇದ್ದರೂ ಅದರ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಸೋಲುತ್ತದೆ, ಬಳಿಕ ಯು.ಪಿ.ಎಸ್. ಹಸಿರು ದೀಪ ತೋರುತ್ತಿರುತ್ತದೆ, ಕರೆಂಟ್ ಹೋದ ಕ್ಷಣ ಯಂತ್ರವೂ ಆರುತ್ತದೆ.

ಸಿ ಡ್ರೈವ್ ತುಂಬಿ ತುಳುಕುತ್ತಿರುವುದು ಇನ್ನೊಂದು ಕಾರಣ. ಹೊಸ ಕಡತಗಳನ್ನು ಬಿಚ್ಚಿ ಹರಡಲು ಜಾಗವಿಲ್ಲದೆ ಅಪ್‌ಡೇಟ್ ಮಧ್ಯದಲ್ಲಿ ಸೋಲುತ್ತದೆ. 20ರಿಂದ 30 ಜಿ.ಬಿ. ಜಾಗ ಸದಾ ಖಾಲಿ ಇರುವುದು ಕ್ಷೇಮ.

ಮೂರನೆಯದು ಡ್ರೈವರ್‌ಗಳ ತಕರಾರು. ಡ್ರೈವರ್ ಎಂದರೆ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರದಂತಹ ಉಪಕರಣವನ್ನು ವಿಂಡೋಸ್ ಜೊತೆ ಮಾತನಾಡಿಸುವ ಚಿಕ್ಕ ತಂತ್ರಾಂಶ; ದುಭಾಷಿಯಂತೆ. ವಿಂಡೋಸ್‌ನ ಭಾಷೆ ಸ್ವಲ್ಪ ಬದಲಾದರೆ ಹಳೆಯ ದುಭಾಷಿ ತಡವರಿಸುತ್ತಾನೆ. 2021ರ ಮಾರ್ಚ್ ತಿಂಗಳ ಅಪ್‌ಡೇಟ್ ನಂತರ ಕೆಲವು ಕಂಪನಿಗಳ ಪ್ರಿಂಟರ್‌ಗಳಿಗೆ ಮುದ್ರಣ ಆದೇಶ ಕೊಟ್ಟೊಡನೆ ವಿಂಡೋಸ್ 10 ಯಂತ್ರಗಳು ನೀಲಿ ಪರದೆ ತೋರಿ ನಿಂತವು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಸರಿಪಡಿಸುವ ಅಪ್‌ಡೇಟ್ ಬಿಡುಗಡೆ ಮಾಡಿತು. ಅಂದು ಫಾರ್ಮ್ಯಾಟ್ ಮಾಡಿಸಿದವರಿಗೂ, ಹೊಸ ವಿಂಡೋಸ್ ಮತ್ತೆ ಅದೇ ಅಪ್‌ಡೇಟನ್ನು ಇಳಿಸಿಕೊಂಡ ಮೇಲೆ, ಅದೇ ನೀಲಿ ಪರದೆ ಬರಲು ಅಡ್ಡಿಯೇನೂ ಇರಲಿಲ್ಲ. ದೋಷ ಅಪ್‌ಡೇಟ್‌ನದ್ದೇ ಆಗಿರುವಾಗ ಡಿಸ್ಕನ್ನು ಅಳಿಸುವುದು ಪರಿಹಾರವೇ ಅಲ್ಲ.

ಇಷ್ಟು ತೊಂದರೆ ಇರುವಾಗ ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸಿದರಾಗದೇ ಎಂಬ ಸಲಹೆ ಅನೇಕ ಕಚೇರಿಗಳಲ್ಲಿ ಕೇಳಿಬರುತ್ತದೆ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹರಡಿ, ಯಂತ್ರಗಳ ಕಡತಗಳಿಗೆಲ್ಲ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದನ್ನು ತಡೆಯುವ ಅಪ್‌ಡೇಟ್ ಅದೇ ವರ್ಷದ ಮಾರ್ಚ್‌ನಲ್ಲಿಯೇ ಬಂದಿತ್ತು. ಹಾಕಿಸಿಕೊಳ್ಳದ ಯಂತ್ರಗಳು ಬಲಿಯಾದವು. ಅಪ್‌ಡೇಟ್ ನಿಲ್ಲಿಸುವುದು ಲಸಿಕೆಯ ಜ್ವರಕ್ಕೆ ಹೆದರಿ ಲಸಿಕೆಯನ್ನೇ ಬಿಟ್ಟಂತೆ. ಒಂದೆರಡು ವಾರ ಮುಂದೂಡುವುದು ಬೇರೆ ಮಾತು. ಅದಕ್ಕೆ ವಿಂಡೋಸ್‌ನಲ್ಲಿಯೇ ಅವಕಾಶವಿದ್ದು, ಕೊನೆಯಲ್ಲಿ ಅದರ ವಿವರವಿದೆ.

ದುರಸ್ತಿಯ ಕ್ರಮ

ಮೊದಲನೆಯ ಹೆಜ್ಜೆ ಕಾಯುವುದು. ‘ಅಪ್‌ಡೇಟ್ ನಡೆಯುತ್ತಿದೆ, ಯಂತ್ರವನ್ನು ಆರಿಸಬೇಡಿ’ ಎಂಬರ್ಥದ ಸೂಚನೆ ಪರದೆಯ ಮೇಲಿದ್ದು, ಶೇಕಡಾ ಅಂಕಿ ಅಲುಗಾಡದೆ ನಿಂತಂತೆ ಕಂಡರೂ, ಹಳೆಯ ಮಾದರಿಯ ಹಾರ್ಡ್ ಡಿಸ್ಕ್ ಇರುವ ಯಂತ್ರ ಒಂದೆರಡು ಗಂಟೆ ತೆಗೆದುಕೊಳ್ಳುವುದುಂಟು. ಪೆಟ್ಟಿಗೆಯ ಮೇಲಿನ ಡಿಸ್ಕ್ ದೀಪ ಮಿನುಗುತ್ತಿದ್ದರೆ ಒಳಗೆ ಕೆಲಸ ನಡೆದಿದೆ ಎಂದೇ ಅರ್ಥ. ಸಹನೆಗೆಟ್ಟು ಸ್ವಿಚ್ ಒತ್ತಿದ್ದರಿಂದಲೇ ಕೆಟ್ಟ ಯಂತ್ರಗಳೂ ಇವೆ.

ಯಂತ್ರ ನೀಲಿ ಪರದೆ ತೋರಿ ಮತ್ತೆ ಮತ್ತೆ ಆರಂಭವಾಗುತ್ತಿದ್ದರೆ ಆ ಪರದೆಯ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು. ಅದರ ಕೆಳಭಾಗದಲ್ಲಿ ದೋಷದ ಹೆಸರು ಇರುತ್ತದೆ. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದಿದ್ದರೆ ವಿಂಡೋಸ್‌ಗೆ ತನ್ನ ಡಿಸ್ಕ್ ಸಿಗುತ್ತಿಲ್ಲ. ಹೆಸರಿನ ಜೊತೆ ‘.ಸಿಸ್’ ಎಂದು ಕೊನೆಗೊಳ್ಳುವ ಕಡತದ ಹೆಸರಿದ್ದರೆ ಬಹುಶಃ ಆ ಡ್ರೈವರ್ ತಕರಾರು ಮಾಡುತ್ತಿದೆ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಯಲ್ಲಿ ಈ ಪರದೆ ನೀಲಿಯ ಬದಲು ಕಪ್ಪು ಬಣ್ಣದ್ದು. ತಂತ್ರಜ್ಞರಿಗೆ ದೂರವಾಣಿಯಲ್ಲಿ ‘ಏನೋ ಇಂಗ್ಲಿಷಿನಲ್ಲಿ ಬರುತ್ತಿದೆ’ ಎನ್ನುವುದಕ್ಕಿಂತ ಈ ಒಂದು ಛಾಯಾಚಿತ್ರ ಹೆಚ್ಚು ಉಪಯುಕ್ತ.

ಬಳಿಕ ಯಂತ್ರವನ್ನು ಆರಿಸಿ, ಕೀಲಿಮಣೆ, ಮೌಸ್ ಮತ್ತು ಮಾನಿಟರ್ ಹೊರತು ಉಳಿದೆಲ್ಲವನ್ನೂ ಬಿಚ್ಚಬೇಕು: ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಉಪಕರಣ, ವೆಬ್ ಕ್ಯಾಮೆರಾ, ಪೆನ್‌ಡ್ರೈವ್, ಡಿಜಿಟಲ್ ಸಹಿಯ ಡೋಂಗಲ್. ಹಿಂದೆ ಮರೆತು ಬಿಟ್ಟ ಪೆನ್‌ಡ್ರೈವ್‌ನಿಂದಲೇ ಆರಂಭವಾಗಲು ಯತ್ನಿಸಿ ಸೋಲುವ ಯಂತ್ರಗಳೂ ಉಂಟು. ಬಿಚ್ಚಿದ ಮೇಲೆ ಯಂತ್ರ ತೆರೆದರೆ ಒಂದೊಂದನ್ನೇ ಮರಳಿ ಜೋಡಿಸಿ ಯಾವುದರಿಂದ ತೊಂದರೆ ಎಂಬುದನ್ನು ಕಂಡುಕೊಳ್ಳಬಹುದು.

ಇದರಿಂದ ಫಲ ಸಿಗದಿದ್ದರೆ ವಿಂಡೋಸ್‌ನ ದುರಸ್ತಿ ಪರದೆಗೆ ಹೋಗಬೇಕು. ಯಂತ್ರ ಹೊತ್ತಿಸಿ, ವಿಂಡೋಸ್ ಚಿಹ್ನೆ ಕಂಡೊಡನೆ ಪವರ್ ಗುಂಡಿಯನ್ನು ಸುಮಾರು 10 ಸೆಕೆಂಡ್ ಒತ್ತಿ ಹಿಡಿದು ಆರಿಸಬೇಕು. ಹೀಗೆ ಎರಡು ಮೂರು ಬಾರಿ ಮಾಡಿದಾಗ ವಿಂಡೋಸ್ ತನ್ನ ಸ್ಥಿತಿ ಸರಿಯಿಲ್ಲವೆಂದು ತಾನೇ ಅರಿತು ದುರಸ್ತಿ ಪರದೆಯನ್ನು ತೋರಿಸುತ್ತದೆ. ಅದರಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒತ್ತಿದರೆ ಬೇಕಾದ ಸಾಧನಗಳೆಲ್ಲ ಒಂದೇ ಕಡೆ ಸಿಗುತ್ತವೆ. ಇಲ್ಲಿ ಮೊದಲು ‘ಸ್ಟಾರ್ಟ್‌ಅಪ್ ರಿಪೇರ್’ ಪ್ರಯತ್ನಿಸಬೇಕು; ಇದು ಕಚೇರಿಯ ಕಡತಗಳನ್ನು ಮುಟ್ಟುವುದಿಲ್ಲ.

ಅದು ಸೋತರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ಅಪ್‌ಡೇಟ್ ನಂತರ ಕೆಟ್ಟ ಯಂತ್ರಕ್ಕೆ ಇದೇ ನೇರವಾದ ಮದ್ದು, ಆದರೆ ಇದನ್ನು ಬಿಟ್ಟು ಫಾರ್ಮ್ಯಾಟ್‌ಗೆ ಹಾರುವವರೇ ಹೆಚ್ಚು. ಇದರಲ್ಲಿ ಎರಡು ಆಯ್ಕೆಗಳು ಕಾಣುತ್ತವೆ. ಪ್ರತಿ ತಿಂಗಳು ಬರುವ ಚಿಕ್ಕ ಅಪ್‌ಡೇಟ್‌ಗೆ ‘ಕ್ವಾಲಿಟಿ ಅಪ್‌ಡೇಟ್’ ಎಂದು ಹೆಸರು. ವಿಂಡೋಸ್‌ನ ಆವೃತ್ತಿಯನ್ನೇ ಬದಲಿಸುವ ದೊಡ್ಡದಕ್ಕೆ ‘ಫೀಚರ್ ಅಪ್‌ಡೇಟ್’. ಯಾವುದರ ನಂತರ ಯಂತ್ರ ಕೆಟ್ಟಿತೋ ಅದನ್ನು ತೆಗೆಯಬೇಕು. ತಿಳಿಯದಿದ್ದರೆ ಚಿಕ್ಕದನ್ನು ಮೊದಲು. ದೊಡ್ಡ ಅಪ್‌ಡೇಟನ್ನು ಹಿಂದಕ್ಕೆ ಪಡೆಯಲು ಸಾಮಾನ್ಯವಾಗಿ 10 ದಿನಗಳ ಕಾಲಾವಕಾಶ ಮಾತ್ರ. ಬಳಿಕ ವಿಂಡೋಸ್ ಹಳೆಯ ಆವೃತ್ತಿಯ ಕಡತಗಳನ್ನು ಅಳಿಸಿಬಿಡುತ್ತದೆ. ಕೆಟ್ಟ ಯಂತ್ರವನ್ನು ‘ಬಿಲ್ ಪಾಸಾಗಲಿ, ನೋಡೋಣ’ ಎಂದು ಮೂಲೆಯಲ್ಲಿಡುವ ಪಂಚಾಯತಿಗಳು ಈ 10 ದಿನಗಳನ್ನು ನೆನಪಿನಲ್ಲಿಡಬೇಕು.

ಮುಂದಿನದು ಸೇಫ್ ಮೋಡ್. ‘ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್’ ಆರಿಸಿ, ಯಂತ್ರ ಮರುಆರಂಭವಾದಾಗ ಕಾಣುವ ಪಟ್ಟಿಯಲ್ಲಿ 4ನ್ನು ಒತ್ತಿದರೆ ವಿಂಡೋಸ್ ಅತ್ಯಗತ್ಯ ಡ್ರೈವರ್‌ಗಳೊಡನೆ ಮಾತ್ರ ತೆರೆಯುತ್ತದೆ. ಪರದೆ ಒರಟಾಗಿ ಕಾಣಬಹುದು, ಪ್ರಿಂಟರ್ ನಡೆಯದಿರಬಹುದು, ಅದು ಸಹಜ. ಯಂತ್ರ ಸೇಫ್ ಮೋಡ್‌ನಲ್ಲಿ ತೆರೆಯಿತೆಂದರೆ ದೋಷ ಯಾವುದೋ ಡ್ರೈವರ್‌ನಲ್ಲಿ ಅಥವಾ ಹೊರಗಿನಿಂದ ಹಾಕಿದ ತಂತ್ರಾಂಶದಲ್ಲಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಆಗ ಡಿವೈಸ್ ಮ್ಯಾನೇಜರ್‌ನಲ್ಲಿ ಸಂಬಂಧಿಸಿದ ಡ್ರೈವರನ್ನು ಹಿಂದಿನ ಆವೃತ್ತಿಗೆ ಮರಳಿಸುವ ಅಥವಾ ತೆಗೆದುಹಾಕುವ ಅವಕಾಶವಿದೆ. ಜೊತೆಗೆ, ಸೇಫ್ ಮೋಡ್ ತೆರೆದ ಕ್ಷಣವೇ ಕಚೇರಿಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು; ಇನ್ನುಳಿದ ಪ್ರಯೋಗಗಳೆಲ್ಲ ಆಮೇಲೆ.

‘ಸಿಸ್ಟಂ ರಿಸ್ಟೋರ್’ ಮೊದಲೇ ಚಾಲನೆಯಲ್ಲಿದ್ದ ಯಂತ್ರಗಳಲ್ಲಿ ಹಿಂದಿನ ದಿನಾಂಕದ ಸ್ಥಿತಿಗೆ ಮರಳಬಹುದು. ಅನೇಕ ಯಂತ್ರಗಳಲ್ಲಿ ಅದು ಚಾಲನೆಯಲ್ಲಿ ಇರುವುದೇ ಇಲ್ಲ. ವಿಂಡೋಸ್‌ನ ಕೆಟ್ಟ ಕಡತಗಳನ್ನು ಹುಡುಕಿ ಸರಿಪಡಿಸುವ ‘ಎಸ್.ಎಫ್.ಸಿ.’ ಮತ್ತು ‘ಡಿಸ್ಮ್’ ಎಂಬ ಎರಡು ಆಜ್ಞೆಗಳಿವೆ. ಬಲ್ಲ ಆಪರೇಟರ್ ಅಥವಾ ತಂತ್ರಜ್ಞರಿಗೆ ಇವು ಪರಿಚಿತ. ‘ಚೆಕ್‌ಡಿಸ್ಕ್’ ಎಂಬ ಮೂರನೆಯದರ ಬಗ್ಗೆ ಮಾತ್ರ ಎಚ್ಚರಿಕೆ ಬೇಕು. ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಡಿಸ್ಕ್ ತಾನೇ ಸಾಯುತ್ತಿದೆ. ಅಪ್‌ಡೇಟ್‌ನ ಭಾರ ಅದನ್ನು ಬಯಲಿಗೆ ತಂದಿದೆಯಷ್ಟೆ. ಅಂತಹ ಡಿಸ್ಕನ್ನು ಚೆಕ್‌ಡಿಸ್ಕ್‌ನಿಂದ ಗಂಟೆಗಟ್ಟಲೆ ಉಜ್ಜಿದರೆ ಉಳಿದ ಜೀವವೂ ಹೋಗಬಹುದು. ಮೊದಲು ಕಡತಗಳನ್ನು ಹೊರತೆಗೆಯಬೇಕು.

48 ಅಂಕಿಗಳ ಕೀಲಿ ಯಾರ ಬಳಿ ಇದೆ

ಹೊಸ ಲ್ಯಾಪ್‌ಟಾಪ್ ಮತ್ತು ವಿಂಡೋಸ್ 11 ಯಂತ್ರಗಳಲ್ಲಿ ಈಗ ಹೊಸದೊಂದು ತೊಡಕಿದೆ. ಇವುಗಳಲ್ಲಿ ಅನೇಕವು ಬಿಟ್‌ಲಾಕರ್ ಎಂಬ ವ್ಯವಸ್ಥೆಯ ಮೂಲಕ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿಕೊಂಡಿರುತ್ತವೆ. ದಿನನಿತ್ಯದ ಬಳಕೆಯಲ್ಲಿ ಅದು ಗೋಚರಿಸುವುದಿಲ್ಲ. ಆದರೆ ಅಪ್‌ಡೇಟ್ ನಂತರ ಯಂತ್ರ ತನ್ನೊಳಗೆ ಏನೋ ಬದಲಾಗಿದೆ ಎಂದು ಶಂಕಿಸಿದರೆ, ಅಥವಾ ದುರಸ್ತಿ ಪರದೆಯಿಂದ ಡಿಸ್ಕನ್ನು ತೆರೆಯಲು ಹೋದರೆ, 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಅದು ಇಲ್ಲದಿದ್ದರೆ ಕಡತಗಳು ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದೂ ಇಲ್ಲದಂತೆಯೇ. ಯಾವ ಅಂಗಡಿಯವರೂ, ಸ್ವತಃ ತಯಾರಕರೂ ತೆರೆದುಕೊಡಲಾರರು. 2024ರ ಜುಲೈನ ಸ್ಥಗಿತದಲ್ಲಿ ಒಂದು ಕಡತ ಅಳಿಸಿದರೆ ಸರಿಹೋಗುತ್ತಿದ್ದ ಯಂತ್ರಗಳು ಈ ಕೀಲಿ ಕೈಗೆ ಸಿಗದೆ ಇನ್ನಷ್ಟು ಹೊತ್ತು ನಿಂತವು.

ಈ ಕೀಲಿ ಸಾಮಾನ್ಯವಾಗಿ, ಯಂತ್ರವನ್ನು ಮೊದಲ ಬಾರಿ ಸಿದ್ಧಪಡಿಸುವಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರುತ್ತದೆ. ಪಂಚಾಯತಿಯ ಲ್ಯಾಪ್‌ಟಾಪ್‌ಗೆ ಆ ಖಾತೆ ಯಾರದ್ದು? ಸರಬರಾಜು ಮಾಡಿದ ಅಂಗಡಿಯ ಹುಡುಗನ ಇಮೇಲ್ ಇರಬಹುದು, ಹಿಂದೆ ಇದ್ದು ವರ್ಗಾವಣೆಯಾದ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಸ್ವಂತ ಮೊಬೈಲ್ ಸಂಖ್ಯೆ ಇರಬಹುದು, ಕೆಲಸ ಬಿಟ್ಟ ಆಪರೇಟರ್‌ದೂ ಇರಬಹುದು. ಯಂತ್ರ ಪಂಚಾಯತಿಯದು, ಕೀಲಿ ಇನ್ನಾರದೋ ಖಾತೆಯಲ್ಲಿ. ಇದು ತಾಂತ್ರಿಕ ವಿಷಯಕ್ಕಿಂತ ಆಡಳಿತದ ವಿಷಯ. ಸದಸ್ಯರು ಸಾಮಾನ್ಯ ಸಭೆಯಲ್ಲಿ ಕೇಳಲೇಬೇಕಾದ ಪ್ರಶ್ನೆ. ಯಂತ್ರಗಳು ಸುಸ್ಥಿತಿಯಲ್ಲಿರುವಾಗಲೇ ಪ್ರತಿಯೊಂದರ ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿ, ಯಂತ್ರದ ಕ್ರಮಸಂಖ್ಯೆ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ಕಚೇರಿಯ ಬೀರುವಿನಲ್ಲಿಡಬೇಕು. ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಚೆಕ್ ಪುಸ್ತಕ, ರಸೀದಿ ಪುಸ್ತಕಗಳ ಸಾಲಿನಲ್ಲಿ ಈ ಲಕೋಟೆಯೂ ಸೇರಬೇಕು.

ಕಡತಗಳನ್ನು ಹೊರತೆಗೆಯುವುದು, ಅಂಗಡಿಗೆ ಕೊಡುವುದು

ಸೇಫ್ ಮೋಡ್ ಕೂಡ ತೆರೆಯದ ಯಂತ್ರದಿಂದಲೂ ಕಡತಗಳನ್ನು ಪಡೆಯಬಹುದು. ಉಬುಂಟುವಿನಂತಹ ಉಚಿತ ಲಿನಕ್ಸ್ ವ್ಯವಸ್ಥೆಯನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಯಂತ್ರವನ್ನು ಆರಂಭಿಸಿದರೆ, ವಿಂಡೋಸ್ ಏಳದಿದ್ದರೂ ಅದರ ಡಿಸ್ಕ್ ಒಂದು ಸಾಮಾನ್ಯ ಫೋಲ್ಡರಿನಂತೆ ತೆರೆದುಕೊಳ್ಳುತ್ತದೆ. ‘ಇನ್‌ಸ್ಟಾಲ್’ ಆಯ್ಕೆಯನ್ನು ಒತ್ತದೆ ‘ಟ್ರೈ’ ಎಂಬುದನ್ನು ಮಾತ್ರ ಒತ್ತಬೇಕು. ಅಥವಾ ಡಿಸ್ಕನ್ನು ಕಳಚಿ ಯು.ಎಸ್.ಬಿ. ಕೇಸಿನಲ್ಲಿಟ್ಟು ಇನ್ನೊಂದು ಯಂತ್ರಕ್ಕೆ ಜೋಡಿಸಬಹುದು. ವಾರಂಟಿ ಇರುವ ಯಂತ್ರವನ್ನು ಬಿಚ್ಚುವ ಮೊದಲು ವಾರಂಟಿಯ ಷರತ್ತು ನೋಡಬೇಕು. ಬಿಟ್‌ಲಾಕರ್ ಇದ್ದರೆ ಈ ಎರಡು ದಾರಿಗಳಿಗೂ ಅದೇ 48 ಅಂಕಿಗಳ ಕೀಲಿ ಬೇಕು.

ಕಡತಗಳ ನಕಲು ದೊರೆತು, ಮೇಲಿನ ಯಾವುದರಿಂದಲೂ ಯಂತ್ರ ಏಳದಿದ್ದರೆ ಮಾತ್ರ ‘ರೀಸೆಟ್’. ಇದರಲ್ಲಿ ‘ಕೀಪ್ ಮೈ ಫೈಲ್ಸ್’ ಮತ್ತು ‘ರಿಮೂವ್ ಎವೆರಿಥಿಂಗ್’ ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದು ಬಳಕೆದಾರರ ಕಡತಗಳನ್ನು ಉಳಿಸಿ ತಂತ್ರಾಂಶಗಳನ್ನು ಮಾತ್ರ ತೆಗೆಯುತ್ತದೆ. ಎರಡನೆಯದು ಹೆಸರೇ ಹೇಳುವಂತೆ. ಪೂರ್ಣ ಫಾರ್ಮ್ಯಾಟ್ ಎಲ್ಲದಕ್ಕಿಂತ ಕೊನೆಯದು, ಅದಕ್ಕೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಲಿಖಿತ ಒಪ್ಪಿಗೆ ಇರಲಿ. ಒಪ್ಪಿಗೆಯ ಕಾಗದದಲ್ಲಿ ‘ಕಡತಗಳ ನಕಲು ಪಡೆದು, ಬೇರೆ ಯಂತ್ರದಲ್ಲಿ ತೆರೆದು ನೋಡಲಾಗಿದೆ’ ಎಂಬ ಸಾಲು ಇರಲಿ. ತೆರೆದು ನೋಡದ ನಕಲನ್ನು ನಕಲೆಂದು ಲೆಕ್ಕಿಸಬಾರದು.

ಯಂತ್ರವನ್ನು ಅಂಗಡಿಗೆ ಕಳುಹಿಸಬೇಕಾದಾಗ ಅದರೊಳಗೆ ಗ್ರಾಮಸ್ಥರ ಆಧಾರ್ ಪ್ರತಿ, ಬ್ಯಾಂಕ್ ಖಾತೆ ಸಂಖ್ಯೆ, ಪಡಿತರ ಚೀಟಿಯ ಚಿತ್ರಗಳಿವೆ ಎಂಬುದನ್ನು ಮರೆಯಬಾರದು. ಡಿಜಿಟಲ್ ಸಹಿಯ ಡೋಂಗಲ್ ಯಂತ್ರದ ಜೊತೆ ಹೋಗಲೇಬಾರದು. ಯಂತ್ರದ ಮತ್ತು ಡಿಸ್ಕಿನ ಕ್ರಮಸಂಖ್ಯೆ ಬರೆದ ಸ್ವೀಕೃತಿ ಪಡೆಯಬೇಕು. ಡಿಸ್ಕ್ ಬದಲಿಸಬೇಕೆಂದರೆ ಹಳೆಯ ಡಿಸ್ಕ್ ಪಂಚಾಯತಿಗೇ ಮರಳಿ ಬರಬೇಕು. ‘ಅದು ಸ್ಕ್ರ್ಯಾಪ್ ಸಾರ್’ ಎಂಬ ಮಾತಿಗೆ ಒಪ್ಪಬಾರದು. ಹಾಕುವ ವಿಂಡೋಸ್ ಪರವಾನಗಿ ಇರುವುದೇ ಎಂದೂ ಕೇಳಬೇಕು. ಪರವಾನಗಿ ಇಲ್ಲದ್ದನ್ನು ‘ಕ್ರ್ಯಾಕ್’ ಮಾಡಿ ಹಾಕುವ ತಂತ್ರಾಂಶಗಳ ಜೊತೆ ಕುತಂತ್ರಾಂಶ ಬರುವುದು ಸಾಮಾನ್ಯ. ಅಂತಹ ಯಂತ್ರದಲ್ಲಿ ಪಾವತಿಯ ಲಾಗಿನ್ ಬಳಸುವುದು ಪಂಚಾಯತಿಯ ಖಜಾನೆಯ ಬೀಗವನ್ನು ದಾರಿಹೋಕರ ಕೈಗೆ ಕೊಟ್ಟಂತೆ.

ಯಂತ್ರ ಮರಳಿ ತೆರೆದ ಮೇಲೆ

ಮೊದಲು ದಿನಾಂಕ ಮತ್ತು ಸಮಯ ಸರಿಯಿದೆಯೇ ನೋಡಬೇಕು. ತಪ್ಪಿದ್ದರೆ ಸರ್ಕಾರಿ ಜಾಲತಾಣಗಳು ತೆರೆಯುವುದಿಲ್ಲ, ಡಿಜಿಟಲ್ ಸಹಿಯೂ ನಡೆಯುವುದಿಲ್ಲ. ಯಂತ್ರ ಆರಿಸಿದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಚಿಕ್ಕ ಬಿಲ್ಲೆ ಬ್ಯಾಟರಿ ಮುಗಿದಿದೆ ಎಂದೇ ತಿಳಿಯಬಹುದು.

ವಿಂಡೋಸ್ ಹೊಸದಾಗಿ ಹಾಕಿದ್ದಲ್ಲಿ ಹಳೆಯ ನಡವಳಿಗಳನ್ನು ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣಬಹುದು. ದಾಖಲೆ ಕೆಟ್ಟಿದೆ ಎಂದು ಭಾವಿಸಿ ಅಳಿಸಬಾರದು. ಅದು ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವನ್ನು ಹಾಕಿದೊಡನೆ ಅಕ್ಷರಗಳು ಮರಳುತ್ತವೆ. ನುಡಿಯಲ್ಲಿರುವ ಪರಿವರ್ತಕದಿಂದ ಅಂತಹ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಟ್ಟುಕೊಂಡರೆ ಮುಂದೆ ಈ ತೊಂದರೆ ಇರದು.

ಡಿಜಿಟಲ್ ಸಹಿಯ ಪ್ರಮಾಣಪತ್ರ ಡೋಂಗಲ್‌ನೊಳಗೇ ಇರುತ್ತದೆ. ಯಂತ್ರದ ಡಿಸ್ಕ್ ಅಳಿಸಿದರೂ ಅದಕ್ಕೆ ಧಕ್ಕೆಯಿಲ್ಲ. ಡೋಂಗಲ್‌ನ ಡ್ರೈವರನ್ನು ಮತ್ತೆ ಹಾಕಿದರೆ ಸಾಕು. ಆದರೆ ಅದರ ತಂತ್ರಾಂಶದಲ್ಲಿ ಕಾಣುವ ‘ಇನಿಷಿಯಲೈಸ್’ ಗುಂಡಿಯನ್ನು ಒತ್ತಿದರೆ ಪ್ರಮಾಣಪತ್ರವೇ ಅಳಿಸಿಹೋಗುತ್ತದೆ. ಪಿನ್ ಸಂಖ್ಯೆಯನ್ನು ಊಹಿಸಿ ಪದೇ ಪದೇ ತಪ್ಪಾಗಿ ಒತ್ತಿದರೆ ಡೋಂಗಲ್ ಬೀಗ ಹಾಕಿಕೊಳ್ಳುತ್ತದೆ. ಎರಡರಲ್ಲಿ ಯಾವುದಾದರೂ ಹೊಸ ಸಹಿ ಬರುವವರೆಗೆ ಪಾವತಿಗಳು ನಿಲ್ಲುತ್ತವೆ; ಪೌರಕಾರ್ಮಿಕರ, ನೀರಗಂಟಿಗಳ ವೇತನವೂ ಅದರಲ್ಲಿ ಸೇರಿದೆ.

ಮುಂದಿನ ಅಪ್‌ಡೇಟ್‌ಗೆ ಸಂಬಂಧಿಸಿದಂತೆ: ತೊಂದರೆ ಕೊಟ್ಟ ಅಪ್‌ಡೇಟನ್ನು ತೆಗೆದ ಬಳಿಕ ಸೆಟ್ಟಿಂಗ್ಸ್‌ನಲ್ಲಿ ‘ಪಾಸ್ ಅಪ್‌ಡೇಟ್ಸ್’ ಒತ್ತಿ ಎರಡು ವಾರ ಮುಂದೂಡಬೇಕು, ಇಲ್ಲದಿದ್ದರೆ ಅದೇ ರಾತ್ರಿ ಅದೇ ಅಪ್‌ಡೇಟ್ ಮರಳಿ ಬರಬಹುದು. ಹೀಗೆ 35 ದಿನಗಳವರೆಗೆ ಮುಂದೂಡಲು ಅವಕಾಶವಿದೆ. 2018ರ ಅಕ್ಟೋಬರ್ 2ರಂದು ಬಿಡುಗಡೆಯಾದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವು ಬಳಕೆದಾರರ ದಾಖಲೆಗಳನ್ನೇ ಅಳಿಸಿತ್ತು. ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದು ನವೆಂಬರ್‌ನಲ್ಲಿ ಮರುಬಿಡುಗಡೆ ಮಾಡಿತು. ಎರಡು ವಾರ ತಡೆದವರಿಗೆ ಆ ಸುದ್ದಿ ಮೊದಲೇ ತಲುಪಿತ್ತು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದರಿಂದ, ಆ ಆವೃತ್ತಿಯ ಯಂತ್ರಗಳನ್ನು ಬದಲಿಸುವ ಅಥವಾ ಮೇಲ್ದರ್ಜೆಗೇರಿಸುವ ವೆಚ್ಚ ಆಯವ್ಯಯದಲ್ಲಿ ಸೇರಿದೆಯೇ ಎಂಬುದನ್ನೂ ಸದಸ್ಯರು ನೋಡಬೇಕು.

ಒಂದು ಟಿ.ಬಿ. ಸಾಮರ್ಥ್ಯದ ಹೊರ ಡಿಸ್ಕ್ ಎರಡು, ಯು.ಪಿ.ಎಸ್. ಬ್ಯಾಟರಿ ಒಂದು: ಇವುಗಳ ಖರೀದಿ ಒಂದೇ ನಿರ್ಣಯದಲ್ಲಿ ಮುಗಿಯುವಂಥದ್ದು. ಡಿಸ್ಕ್‌ಗಳಲ್ಲಿ ಒಂದು ವಾರಕ್ಕೊಮ್ಮೆ ನಕಲು ತೆಗೆದು ಕಳಚಿಡಲು. ಸದಾ ಯಂತ್ರಕ್ಕೆ ಜೋಡಿಸಿಯೇ ಇಟ್ಟರೆ ಕುತಂತ್ರಾಂಶ ಎರಡನ್ನೂ ಒಟ್ಟಿಗೆ ಕೆಡಿಸುತ್ತದೆ. ಇನ್ನೊಂದು ತಿಂಗಳಿಗೊಮ್ಮೆ ನಕಲು ತೆಗೆದು, ಕಚೇರಿಯ ಹೊರಗೆ ಅಧಿಕೃತ ಸುಪರ್ದಿಯಲ್ಲಿಡಲು. ನಕಲು ತೆಗೆದ ದಿನಾಂಕ ಮತ್ತು ತೆಗೆದವರ ಸಹಿಗೆ ಒಂದು ಪುಟ್ಟ ವಹಿ ಸಾಕು. ಪ್ರತಿ ಸಾಮಾನ್ಯ ಸಭೆಯಲ್ಲಿ ಆ ವಹಿಯನ್ನು ಮೇಜಿನ ಮೇಲಿಡುವಂತೆ ಸದಸ್ಯರು ಕೇಳಬಹುದು.